ಅಮದಳ್ಳಿಗೊಬ್ಬ ಸಬ್‌ವೇ ತಜ್ಞ

ಆಮಂತ್ರಣ ಪತ್ರಿಕೆಯಲ್ಲಿ ತಮ್ಮ ಹೆಸರಿಗೆ ಅಂಟಿಕೊಂಡಿದ್ದ ಪದಗಳನ್ನು ಬೊಮ್ಮಯ್ಯನವರು ಆ ಬೆಳಿಗ್ಗೆ ಏಳನೆಯ ಸಲ ಓದಿದರು. ‘ಸಬ್‌ವೇ ತಜ್ಞ ಶ್ರೀ ಬೊಮ್ಮಯ್ಯ ನಾಯಕ, ಹಟ್ಟಿಕೇರಿ.’ ಹೆಸರು ಸರಿ ಇತ್ತು, ಊರು ಸರಿ ಇತ್ತು, ಶ್ರೀಕಾರಕ್ಕೂ ಆಕ್ಷೇಪವಿರಲಿಲ್ಲ. ಸಬ್‌ವೇ ಎಂಬುದೂ ಸುಳ್ಳಲ್ಲ; ಮೂವತ್ತೊಂದು ವರ್ಷ ಅವರು ಒಂದು ಮಹಾನಗರದ ನೆಲದಡಿಯ ರೈಲಿನ ಕಚೇರಿಯಲ್ಲಿ ದುಡಿದಿದ್ದರು, ಆ ರೈಲನ್ನು ಅಲ್ಲಿಯ ಹಳೆಯ ಅಧಿಕಾರಿಗಳೆಲ್ಲ ಸಬ್‌ವೇ ಎಂದೇ ಕರೆಯುತ್ತಿದ್ದರು. ಉಳಿದದ್ದು ತಜ್ಞ. ಆರು ಪದಗಳಲ್ಲಿ ಐದು ನಿಜ, ಒಂದು ಸುಳ್ಳು. ಶೇಕಡಾ ಎಂಬತ್ತಮೂರಕ್ಕೂ ತುಸು ಹೆಚ್ಚು ನಿಜ. ಆಡಿಟ್‌ನವರು ಇಷ್ಟನ್ನು ಒಪ್ಪಿಕೊಳ್ಳುತ್ತಿದ್ದರು. ಬೊಮ್ಮಯ್ಯನವರಿಗೆ ಒಪ್ಪಿಕೊಳ್ಳಲಾಗಲಿಲ್ಲ. ಅವರು ಪತ್ರಿಕೆಯನ್ನು ಮಡಿಚಿ ಮೇಜಿನ ಮೇಲಿಟ್ಟರು, ತಕ್ಷಣ ಮತ್ತೆ ಬಿಚ್ಚಿದರು.

“ಎಷ್ಟ್ ಸಲ ಓದ್ರೂ ಅದ್ರಲ್ಲಿ ಇದ್ದದ್ದೇ ಇರ್ತದೆ,” ಅಂದಳು ಹೆಂಡತಿ ಸುಗಂಧಾ, ಚಹದ ಲೋಟ ಇಡುತ್ತ. “ತಜ್ಞ ಅಂದ್ರೆ ಎಂತದು? ದೊಡ್ಡ ಹುದ್ದೆಯಾ?”

“ಹುದ್ದೆ ಅಲ್ಲ. ವಿಷಯ ತಿಳಿದವನು ಅಂತ.”

“ಮತ್ತೆ ನಿಮಗೆ ಎಂತಾ ತ್ರಾಸು? ತಿಳೀದೇ ಇದ್ದವ್ರು ಮೈಕ್ ಹಿಡ್ಕಂಡು ಎರಡೆರಡು ತಾಸು ಮಾತಾಡುದಿಲ್ವಾ?”

“ಅದೇ ತ್ರಾಸು,” ಎಂದರು ಬೊಮ್ಮಯ್ಯನವರು. ಆದರೆ ಯಾವುದು ಅದೇ ಎಂದು ಅವಳು ಕೇಳಲಿಲ್ಲ, ಅವರೂ ಬಿಡಿಸಲಿಲ್ಲ.

ತಾನು ಎಂಜಿನಿಯರ್ ಎಂದು ಅವರು ಯಾರಿಗೂ ಹೇಳಿದವರಲ್ಲ. ಅಲ್ಲ ಎಂದೂ ಹೇಳಿದವರಲ್ಲ. ನೌಕರಿ ಸಿಕ್ಕ ಮೊದಲ ವರ್ಷ ರಜೆಗೆ ಬಂದಾಗ ಯಾರದ್ದೋ ಮದುವೆಯ ಊಟದ ಪಂಕ್ತಿಯಲ್ಲಿ ಸೋದರಮಾವ, ‘ಅಲ್ಲಿ ನೀ ಎಂತಾ ಮಾಡುದಾ?’ ಎಂದು ಕೇಳಿದ್ದ. ‘ಸಬ್‌ವೇ ನಿರ್ವಹಣೆ,’ ಎಂದಿದ್ದರು. ಕಚೇರಿಯ ಬಾಗಿಲ ಮೇಲೆ ಹಾಗೆಯೇ ಬರೆದಿತ್ತು, ಅವರು ಒಂದಕ್ಷರ ಸೇರಿಸಿರಲಿಲ್ಲ. ಆದರೆ ಎಲೆಗೆ ಪಾಯಸ ಬರುವ ಹೊತ್ತಿಗೆ ಅವರು ಎಂಜಿನಿಯರ್ ಆಗಿದ್ದರು, ಮುಂದಿನ ರಜೆಯ ಹೊತ್ತಿಗೆ ದೊಡ್ಡ ಎಂಜಿನಿಯರ್ ಆಗಿದ್ದರು, ನಿವೃತ್ತರಾಗಿ ಹಟ್ಟಿಕೇರಿಗೆ ಮರಳುವಾಗ ಆ ರೈಲಿನ ಸುರಂಗವನ್ನು ಅರ್ಧದಷ್ಟು ಅವರೇ ತೋಡಿದ್ದೆಂದು ಅಂಕೋಲೆಯ ಪೇಟೆಯವರೆಗೂ ಸುದ್ದಿಯಿತ್ತು. ಅವರು ಹೇಳಿದ ಸುಳ್ಳುಗಳ ಸಂಖ್ಯೆ ಸೊನ್ನೆ. ತಿದ್ದದೆ ಬಿಟ್ಟ ತಪ್ಪುಗಳ ಸಂಖ್ಯೆಯನ್ನು ಅವರು ಎಣಿಸಲು ಹೋಗಿರಲಿಲ್ಲ; ಎಣಿಸದೆ ಬಿಟ್ಟದ್ದು ಅವರ ಬದುಕಿನಲ್ಲಿ ಅದೊಂದೇ. ನಿಜದಲ್ಲಿ ಅವರು ನಿರ್ವಹಣಾ ವಿಭಾಗದ ಗುಮಾಸ್ತ. ಕೊನೆಯ ಆರು ವರ್ಷ ಹೆಡ್ ಗುಮಾಸ್ತ. ನೆಲದ ಮೇಲಿನ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ, ಕಿಟಕಿಯ ಪಕ್ಕದ ಕುರ್ಚಿ. ಸುರಂಗಕ್ಕೆ ಅವರು ಇಳಿದದ್ದು ಪಾಸ್ ತೋರಿಸಿ, ಉಳಿದ ಪ್ರಯಾಣಿಕರ ನಡುವೆ ನಿಂತು, ಮನೆಗೆ ಹೋಗುವುದಕ್ಕೆ ಮಾತ್ರ.

ಈಗ ತಮ್ಮನ ಮಗ ರೂಪೇಶ, ಅಮದಳ್ಳಿಯ ಪಂಚಾಯತಿಯಲ್ಲಿ ಕಾರ್ಯದರ್ಶಿ, ಈ ಪತ್ರಿಕೆ ತಂದುಕೊಟ್ಟು ಹೋಗಿದ್ದ. ‘ದೊಡ್ಡಪ್ಪಾ, ನೀವು ಬರೂಕೇ ಬೇಕು. ಸಬ್‌ವೇ ಬಗ್ಗೆ ಗೊತ್ತಿದ್ದವ್ರು ಈ ಬದಿಗೆ ನಿಮ್ಮನ್ನ ಬಿಟ್ರೆ ಯಾರಿದ್ರು? ಕಾರವಾರದಿಂದ ಎಂಜಿನಿಯರ್ ಮೇಡಮ್ಮೋರೂ ಬತ್ರು.’ ಉಪನ್ಯಾಸದ ವಿಷಯ: ಹಳೆಯ ಸಬ್‌ವೇಯ ನಿರ್ವಹಣೆ ಮತ್ತು ಅದಕ್ಕೆ ಹಣ ಹೊಂದಿಸುವ ಬಗೆ. ಓದಿದ ಕೂಡಲೇ ಬೊಮ್ಮಯ್ಯನವರು ಬಿಳಿ ಹಾಳೆ ಹುಡುಕಿದ್ದರು. ಅವರ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಸಮುದ್ರದ ಬದಿಯ ಒಂದು ಹಳ್ಳಿ, ನೆಲದಡಿಯ ರೈಲು ಮುದಿಯಾದರೆ ಅದನ್ನು ಸಾಕುವುದು ಹೇಗೆ ಎಂದು ಕೇಳಲು ಬಯಸುತ್ತಿದೆ. ಯಾಕೆ ಬಯಸುತ್ತಿದೆ ಎಂಬ ಪ್ರಶ್ನೆ ಅವರಿಗೆ ಬಾರದೆ ಇರಲಿಲ್ಲ. ಬಂದದ್ದನ್ನು ಬದಿಗೆ ಸರಿಸಿ ಹದಿನಾಲ್ಕು ಪುಟ ಬರೆದರು.

ಕಾರವಾರದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತ ಹೆಂಗಸಿಗೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಬೊಮ್ಮಯ್ಯನವರಿಂದ ಪೂರ್ತಿ ಹಣ ತೆಗೆದುಕೊಂಡ. ಸೊನ್ನೆ ರೂಪಾಯಿಗೂ ಕಾಗದ ಬೇಕು, ಶಾಯಿ ಬೇಕು, ಎಂದು ಅವರು ಅಭ್ಯಾಸಬಲದಿಂದ ಯೋಚಿಸಿದರು. ಅಲ್ಲಿಯ ರೈಲಿನಲ್ಲಿಯೂ ಹೀಗೆಯೇ. ಒಂದು ರೂಪಾಯಿ ಖರ್ಚಾದರೆ ಟಿಕೆಟಿನಿಂದ ಬರುತ್ತಿದ್ದದ್ದು ನಲವತ್ತೊಂದು ಪೈಸೆ. ಉಳಿದ ಐವತ್ತೊಂಬತ್ತು ಪೈಸೆ ಎಲ್ಲಿಂದ ಬರಬೇಕೆಂದು ಯಾರಿಗೂ ಗೊತ್ತಿರಲಿಲ್ಲ, ಬಾರದೆ ಹೋದಾಗ ಎಲ್ಲಿಂದ ಕಡಿಯಬೇಕೆಂದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಹೊಸ ಮಾರ್ಗಕ್ಕೆ ಹಣ ಬರುತ್ತಿತ್ತು, ಏಕೆಂದರೆ ಹೊಸ ಮಾರ್ಗಕ್ಕೆ ಕತ್ತರಿಸಲು ರಿಬ್ಬನ್ ಇರುತ್ತದೆ. ಹಳೆಯ ಪಂಪಿನ ವಾಷರ್ ಬದಲಿಸಿದಾಗ ರಿಬ್ಬನ್ ಎಲ್ಲಿ ಕಟ್ಟುವುದು? ಪ್ರತಿ ವರ್ಷ ಕೆಳಗಿನಿಂದ ದುರಸ್ತಿಯ ಪಟ್ಟಿ ಮೇಲೆ ಬರುತ್ತಿತ್ತು. ಮುನ್ನೂರ ನಲವತ್ತು ಕೆಲಸಗಳು. ಹಣ ಇನ್ನೂರ ಹನ್ನೆರಡಕ್ಕೆ. ಉಳಿದ ನೂರಾ ಇಪ್ಪತ್ತೆಂಟನ್ನು ಆರಿಸಿ, ಪ್ರತಿಯೊಂದರ ಎದುರಿಗೆ ಒಂದು ವಾಕ್ಯ ಬರೆಯುವುದು ಬೊಮ್ಮಯ್ಯನವರ ಕೆಲಸ. ‘ಸದ್ಯಕ್ಕೆ ಬಾಧಕವಿಲ್ಲ, ಮುಂದಿನ ವರ್ಷ ಪರಿಶೀಲಿಸಬಹುದು.’ ಈ ವಾಕ್ಯಕ್ಕಾಗಿ ಅಧಿಕಾರಿಗಳು ಅವರನ್ನು ಮೆಚ್ಚುತ್ತಿದ್ದರು. ಬೇರೆ ಗುಮಾಸ್ತರು ಬರೆದರೆ ಅದರಲ್ಲಿ ಅನುಮಾನದ ವಾಸನೆ ಬರುತ್ತಿತ್ತಂತೆ; ಬೊಮ್ಮಯ್ಯನವರು ಬರೆದರೆ ಕಬ್ಬಿಣವೂ ತುಕ್ಕು ಹಿಡಿಯುವುದನ್ನು ನಿಲ್ಲಿಸುತ್ತಿತ್ತಂತೆ. ಮತ್ತು ಬರೆದ ದಿನ ಆ ವಾಕ್ಯ ನಿಜವೇ ಆಗಿರುತ್ತಿತ್ತು, ಅದನ್ನು ಯಾರೂ ಅಲ್ಲಗಳೆಯಲಾರರು. ನೂರಾ ಹದಿನೇಳನೆಯ ಕೆಲಸ, ಕೆರೆಯ ಬದಿಯ ನಿಲ್ದಾಣದ ಎರಡನೆಯ ಪಂಪು, ಇಪ್ಪತ್ತೆರಡು ವರ್ಷ ಬಾಧಕವಿಲ್ಲದೆ ಇತ್ತು. ಇಪ್ಪತ್ತಮೂರನೆಯ ವರ್ಷದ ಒಂದು ಬೆಳಿಗ್ಗೆ ಹಳಿಯ ಮೇಲೆ ನೀರು ಬಂತು. ಯಾರೂ ಸಾಯಲಿಲ್ಲ. ರೈಲು ನಾಲ್ಕು ತಾಸು ನಿಂತಿತು, ಜನ ಕತ್ತಲೆಯಲ್ಲಿ ಸಾಲಾಗಿ ನಡೆದು ಹೊರಬಂದರು. ಮೂರನೆಯ ಅಂತಸ್ತಿನ ಕಿಟಕಿಯಿಂದ ಬೊಮ್ಮಯ್ಯನವರು ಆ ಪಂಪನ್ನು ನಡೆಸುತ್ತಿದ್ದ ಖಲಾಸಿಯನ್ನು ನೋಡಿದರು; ಎದೆಯವರೆಗೆ ತೊಯ್ದು ಕಚೇರಿಯ ಎದುರಿನ ಆ ನಿಲ್ದಾಣದ ಮೆಟ್ಟಿಲ ಮೇಲೆ ಕೂತು ಬನಿಯನ್ ಹಿಂಡುತ್ತಿದ್ದ. ತಲೆ ಎತ್ತಿ ಮೇಲೆ ನೋಡಿದನೋ, ಆಕಾಶ ನೋಡಿದನೋ. ವಿಚಾರಣೆಯಾಯಿತು. ಇಪ್ಪತ್ತೆರಡು ವಾಕ್ಯಗಳನ್ನೂ ಓದಿದರು. ಒಂದೊಂದೂ ನಿಜವಾಗಿತ್ತು, ಆದ್ದರಿಂದ ಯಾರ ತಪ್ಪೂ ಇರಲಿಲ್ಲ. ಆ ವರ್ಷ ಬೊಮ್ಮಯ್ಯನವರಿಗೆ ಬಡ್ತಿ ಸಿಕ್ಕಿತು. “ಅಮದಳ್ಳಿ ಇಳಿಯುವವರು ಇಳೀರಿ,” ಎಂದು ಕಂಡಕ್ಟರ್ ಎರಡನೆಯ ಸಲ ಕೂಗಿದ್ದು ಅವರನ್ನು ಉದ್ದೇಶಿಸಿ.

ಪಂಚಾಯತಿಯ ಸಭಾಗೃಹದಲ್ಲಿ ಮೂವತ್ತಾರು ಕುರ್ಚಿಗಳಿದ್ದವು, ಇಪ್ಪತ್ತೊಂಬತ್ತರಲ್ಲಿ ಜನ. ರೂಪೇಶ ಬಾಗಿಲಲ್ಲೇ ಅವರ ಚೀಲ ಇಸಿದುಕೊಂಡು ಮುಂದಿನ ಸಾಲಿಗೆ ಕರೆದೊಯ್ದ. ಅಧ್ಯಕ್ಷ ಭಾಸ್ಕರ, ಐವತ್ತರ ಆಸುಪಾಸಿನ ಗಟ್ಟಿ ಆಳು, ಶಾಲು ಹೊದಿಸಿ ಎರಡೂ ಕೈ ಹಿಡಿದು ಅಲ್ಲಾಡಿಸಿದ. ಅವನ ಆಚೆ ಕಾರವಾರದ ಕಚೇರಿಯಿಂದ ಬಂದ ಸಹಾಯಕ ಎಂಜಿನಿಯರ್ ನಮಿತಾ, ಇಪ್ಪತ್ತೆಂಟರ ಹುಡುಗಿ, ತೊಡೆಯ ಮೇಲೆ ಒಂದು ಕಡತ. ಎಂಜಿನಿಯರ್ ಎಂಬ ಪದ ಕೇಳಿದೊಡನೆ ಬೊಮ್ಮಯ್ಯನವರು ಕುರ್ಚಿಯನ್ನು ಒಂದು ಗೇಣು ಈಚೆಗೆ ಸರಿಸಿದರು. ನಿಜವಾದ ನಾಣ್ಯದ ಪಕ್ಕದಲ್ಲಿ ಕೂರಿಸಿದ ಖೋಟಾ ನಾಣ್ಯಕ್ಕೆ ಅನ್ನಿಸುವುದು ಹೀಗೆಯೇ ಇರಬೇಕು. ಅವರು ಶಾಲನ್ನು ಸ್ವಲ್ಪ ಮೇಲೆ ಎಳೆದುಕೊಂಡರು. ಸೆಪ್ಟೆಂಬರ್ ತಿಂಗಳ ಸೆಕೆ. ಫ್ಯಾನು ಅಧ್ಯಕ್ಷರ ಕಡೆಗೆ ತಿರುಗಿತ್ತು.

ಅವರು ಎದ್ದು ನಿಂತು ಮೊದಲ ಪುಟ ಓದಿದರು. “ಸಬ್‌ವೇ ಎಂಬುದು ಕಟ್ಟಿದ ದಿನದಿಂದಲೇ ಹಳೆಯದಾಗತೊಡಗುತ್ತದೆ,” ಎಂದಾಗ ಹಲವರು ತಲೆದೂಗಿದರು. “ಕಟ್ಟುವವರು ಕಟ್ಟಿ ಹೋಗುತ್ತಾರೆ, ಸಾಕುವವರು ಯಾರೆಂದು ಕಾಗದದಲ್ಲಿ ಇರುವುದಿಲ್ಲ.”

“ಕರೆಕ್ಟ್,” ಅಂದ ಭಾಸ್ಕರ, ಜೋರಾಗಿ.

“ನೀರು ಅದರ ಮೊದಲ ಶತ್ರು.”

ಸಭೆಯಲ್ಲಿ ಒಂದು ನಿಟ್ಟುಸಿರು ಎದ್ದಿತು. ಬೊಮ್ಮಯ್ಯನವರು ನೆಟ್ಟಗೆ ನಿಂತರು. ಮೂವತ್ತೊಂದು ವರ್ಷದಲ್ಲಿ ಅವರ ಒಂದು ವಾಕ್ಯಕ್ಕೂ ಯಾರೂ ನಿಟ್ಟುಸಿರು ಬಿಟ್ಟಿರಲಿಲ್ಲ. ದನಿಯನ್ನು ತುಸು ಎತ್ತರಿಸಿ ಎರಡನೆಯ ಪುಟಕ್ಕೆ ಬಂದರು. “ನಾನು ಕೆಲಸ ಮಾಡಿದ ಸಬ್‌ವೇಯಲ್ಲಿ ದಿನಕ್ಕೆ ಆರು ಲಕ್ಷ ಜನ ಹೋಗುತ್ತಿದ್ದರು.”

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, ಮೀನಿನ ಬುಟ್ಟಿಯನ್ನು ಕುರ್ಚಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದವಳು, ಎದ್ದು ನಿಂತಳು. ವಿಜೇತಾ ಎಂದು ರೂಪೇಶ ಪಿಸುಗುಟ್ಟಿದ, ಮೂರನೇ ವಾರ್ಡಿನವಳು, ಸ್ವಲ್ಪ ಬಾಯಿ ಜೋರು.

“ಆರು ಲಕ್ಷ ಜನ? ಅಷ್ಟ್ ಜನ ಎಲ್ಲಿಗೆ ಹೋತ್ರು? ಆಚೆ ಬದಿಗೆ ಎಂತಾ ಅದೆ?”

“ಯಾವುದರ ಆಚೆ ಬದಿಗೆ?” ಎಂದರು ಬೊಮ್ಮಯ್ಯನವರು.

“ರಸ್ತೆದು.”

“ಎಲ್ಲ ಕಡೆಗೂ ಹೋಗುತ್ತಾರಮ್ಮಾ. ಕಚೇರಿಗೆ, ಮಾರ್ಕೆಟ್ಟಿಗೆ. ಟಿಕೆಟ್ ತೆಗೆದುಕೊಂಡು ಇಳಿಯುತ್ತಾರೆ.”

“ಟಿಕೆಟ್ಟಾ?” ಎಂದ ಭಾಸ್ಕರ. ಕುರ್ಚಿಯಲ್ಲಿ ಅವನ ಬೆನ್ನು ನೇರವಾಯಿತು. “ಸಬ್‌ವೇಗೆ ಟಿಕೆಟ್ ಮಾಡಿದ್ರಾ ನೀವು? ರಸ್ತೆ ದಾಟೂಕೆ?” ಅವನು ರೂಪೇಶನ ಕಡೆ ತಿರುಗಿದ. “ನಾ ಹೇಳ್ಲಿಲ್ವಾ? ದೊಡ್ಡ ಶಹರದಲ್ಲಿ ಎಲ್ಲದಕ್ಕೂ ದುಡ್ಡು. ಬರ್ಕೋ ಸೆಕ್ರೆಟ್ರಿ. ತಲೆಗೆ ಎರಡು ರೂಪಾಯಿ. ಬುಟ್ಟಿ ಇದ್ರೆ ಐದು.”

“ಬುಟ್ಟಿ ಹೊತ್ಕಂಡು ಸೊಂಟದ ಮಟ ನೀರಲ್ಲಿ ಹೋಗೂಕೆ ನಾವೇ ದುಡ್ಡು ಕೊಡೂದಾ?” ಅಂದಳು ವಿಜೇತಾ. “ದೋಣಿಗಾದ್ರೆ ಕೊಡ್ವಾ. ದೋಣಿ ಇಡ್ತ್ರಾ ಅಧ್ಯಕ್ಷರೇ?”

ಜನ ನಕ್ಕರು. ಬೊಮ್ಮಯ್ಯನವರು ನಗಲಿಲ್ಲ. ಅವರ ಕೈಯಲ್ಲಿದ್ದ ಹದಿನಾಲ್ಕು ಪುಟಗಳು ನಿಧಾನವಾಗಿ ಭಾರವಾದವು. ಬಸ್ಸಿನಿಂದ ಇಳಿದಾಗ ನೋಡಿದ್ದರಲ್ಲ, ಹೆದ್ದಾರಿಯ ಕೆಳಗೆ ಒಂದು ಕಾಂಕ್ರೀಟಿನ ಬಾಯಿ, ಅದರ ಹಣೆಯ ಮೇಲೆ ನೀಲಿ ಬಣ್ಣದಲ್ಲಿ ‘ಸಬ್‌ವೇ’ ಎಂದು ಬರೆದದ್ದು. ನೋಡಿದ್ದರು, ಓದಿದ್ದರು, ಅಕ್ಷರ ಚೆನ್ನಾಗಿದೆ ಎಂದುಕೊಂಡು ದಾಟಿ ಬಂದಿದ್ದರು. ಇಡೀ ಕರಾವಳಿಯಲ್ಲಿ ಸಬ್‌ವೇ ಎಂದರೆ ರಸ್ತೆಯಡಿಯ ದಾರಿ. ನಲವತ್ತು ಹೆಜ್ಜೆ ಉದ್ದದ ಒಂದು ಬಿಲಕ್ಕೆ ಅವರು ನೆಲದಡಿಯ ರೈಲನ್ನು ತಂದಿದ್ದರು, ಎಸ್ಕಲೇಟರು, ಸಿಗ್ನಲ್ಲು, ವಿದ್ಯುತ್ತು ಹರಿಯುವ ಮೂರನೆಯ ಹಳಿ ಎಲ್ಲವನ್ನೂ ಕೂಡಿಸಿ. ಯಾರೂ ಅವರಿಗೆ ಮೋಸ ಮಾಡಿರಲಿಲ್ಲ. ಅದೇ ಹೆಚ್ಚು ಅವಮಾನದ್ದು.

ಆದರೂ ತಪ್ಪು ಲೆಕ್ಕವೊಂದನ್ನು ಕಣ್ಣೆದುರು ಬಿಟ್ಟು ಕೂರುವುದು ಅವರ ಜನ್ಮಕ್ಕೆ ಸಾಧ್ಯವಿಲ್ಲ. “ಅಧ್ಯಕ್ಷರೇ, ದಿನಕ್ಕೆ ಎಷ್ಟು ಜನ ದಾಟುತ್ತಾರೆ?” ಎಂದು ಕೇಳಿದರು. ಇನ್ನೂರ ಅರವತ್ತು ಎಂದ ರೂಪೇಶ, ಬೇಸಿಗೆಯಲ್ಲಿ ಎಣಿಸಿದ್ದ. “ಐನೂರ ಇಪ್ಪತ್ತು ರೂಪಾಯಿ. ಟಿಕೆಟ್ ಹರಿಯಲು ಎರಡು ಪಾಳಿಗೆ ಇಬ್ಬರು, ತಲಾ ನಾನೂರೈವತ್ತು. ಒಂಬೈನೂರು. ದಿನಕ್ಕೆ ಮುನ್ನೂರ ಎಂಬತ್ತು ರೂಪಾಯಿ ನಷ್ಟ. ಅದೂ ಯಾರಾದರೂ ಕೊಟ್ಟರೆ. ಎರಡು ರೂಪಾಯಿ ಉಳಿಸಲು ಎಲ್ಲರೂ ಹೆದ್ದಾರಿಯ ಮೇಲೆಯೇ ದಾಟುತ್ತಾರೆ. ಆಗ ನಷ್ಟ ಒಂಬೈನೂರು.” ಸ್ವಲ್ಪ ತಡೆದು, ಹೇಳಬೇಕಾದ್ದನ್ನು ಹೇಳಿದರು. “ಮತ್ತು ನಾನು ಹೇಳಿದ್ದು ರೈಲಿನ ವಿಷಯ. ನಮ್ಮಲ್ಲಿ ಅದಕ್ಕೆ ಸಬ್‌ವೇ ಎನ್ನುತ್ತಿದ್ದರು. ನನಗೆ ನಿಮ್ಮ ಸಬ್‌ವೇ ಗೊತ್ತಿಲ್ಲ.”

ಇನ್ನು ಶಾಲು ವಾಪಸು ಕೇಳುತ್ತಾರೆ ಎಂದು ಅವರು ಕೊರಳಿಗೆ ಕೈ ಹಾಕಿದರು.

“ರೈಲಾದ್ರೂ ನೆಲದ ಅಡಿಗೇ ಹೋಗೂದಲ್ದಾ?” ಎಂದ ಭಾಸ್ಕರ, ಯೋಚಿಸಿ.

“ಹೌದು.”

“ನೀರು ಅಲ್ಲೂ ಬತ್ತದಲ್ದಾ?”

“ಬರುತ್ತದೆ.”

“ಮತ್ತೆಂತಾ? ಅಷ್ಟು ದೊಡ್ಡದನ್ನ ನೋಡ್ಕಂಡವ್ರಿಗೆ ಇದು ಎಂತಾ ಲೆಕ್ಕ? ಚಪ್ಪಾಳೆ ಹೊಡೀರಿ ಸಾರ್ವಜನಿಕರೇ.” ಹೊಡೆದರು. ತಮ್ಮ ನಿವೇದನೆ ಗೋಡೆಗೆ ಬಡಿದ ಚೆಂಡಿನಂತೆ ಹಿಂದಿರುಗಿ ಬಂದು, ಬರುವಾಗ ತಮ್ಮನ್ನು ಇನ್ನೂ ಒಂದು ಹುದ್ದೆ ಮೇಲೇರಿಸಿದ್ದನ್ನು ಬೊಮ್ಮಯ್ಯನವರು ನಿಂತು ನೋಡಿದರು. ಸತ್ಯವನ್ನು ಅರ್ಧ ಹೇಳಿದರೆ ಹೀಗೆಯೇ. ಇನ್ನರ್ಧ, ಗುಮಾಸ್ತ ಎಂಬುದು, ಬಾಕಿ ಉಳಿಯಿತು. ಚಪ್ಪಾಳೆಯ ನಡುವೆ ಹೇಳಿದರೆ ಕೇಳಿಸುವುದಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಚಪ್ಪಾಳೆ ನಿಂತ ಮೇಲೂ ಅವರು ಹೇಳಲಿಲ್ಲ.

ಸಭೆ ಎದ್ದು ಸ್ಥಳ ಪರಿಶೀಲನೆಗೆ ಹೊರಟಿತು. ನಾಲ್ಕು ದಿನದಿಂದ ಮಳೆ ಇರಲಿಲ್ಲ, ಗದ್ದೆಯ ಬದು ಒಣಗಿತ್ತು, ಆದರೆ ಸಬ್‌ವೇಯೊಳಗೆ ನೀರು ನಿಂತೇ ಇತ್ತು. ಹೋದ ವರ್ಷದ ಅನುದಾನದಲ್ಲಿ ಪಂಚಾಯತಿ ಎರಡೂ ಗೋಡೆಗೆ ಜಿಗಿಯುವ ಡಾಲ್ಫಿನ್ನುಗಳನ್ನು ಬರೆಸಿತ್ತು. ನೀರು ಈಗ ಅವುಗಳ ಹೊಟ್ಟೆಯವರೆಗೆ ಬಂದು ಚಿತ್ರ ಮೊದಲಿಗಿಂತ ಸಹಜವಾಗಿ ಕಾಣುತ್ತಿತ್ತು. ಮೇಲೆ ಹೆದ್ದಾರಿಯಲ್ಲಿ ಲಾರಿಯೊಂದು ಹಾರ್ನ್ ಒತ್ತಿ ಹಾದುಹೋಯಿತು. ಇಬ್ಬರು ಹೆಂಗಸರು ಡಿವೈಡರಿನ ಮೇಲೆ ಸೀರೆ ಎತ್ತಿ ಹಿಡಿದು, ಇಳಿಯಲೋ ಬೇಡವೋ ಎಂದು ನಿಂತಿದ್ದರು.

“ನಮ್ಮ ಅತ್ತೆ ಕಾಲು ಮುರ್ಕಂಡದ್ದು ಅಲ್ಲೇ,” ಅಂದಳು ವಿಜೇತಾ, ಮೇಲೆ ಬೆರಳು ಮಾಡಿ. “ರೇಶನ್ ತರೂಕೆ ಹೋದವ್ರು. ಈಗ ಮಲ್ಗಿದಲ್ಲೇ ನಂಗೆ ಬಯ್ತ್ರು, ಕಾಲಿಗೆ ಪೆಟ್ಟಾದದ್ದು, ಬಾಯಿಗೆ ಎಂತಾ ಆಗ್ಲಿಲ್ಲ. ದಿನಕ್ಕೆ ನಾಲ್ಕು ಸಲ ಮಕ್ಕಳು ದಾಟ್ತ್ರು ಸಾಯ್ಬರೇ ಅಲ್ಲಿ.”

ಸಾಯ್ಬರೇ. ಬೊಮ್ಮಯ್ಯನವರು ಚಪ್ಪಲಿ ಬಿಟ್ಟು, ಪ್ಯಾಂಟನ್ನು ಮಂಡಿಯವರೆಗೆ ಮಡಿಚಿ, ನೀರಿಗಿಳಿದರು. ಮಂಡಿಯ ಮೇಲೆ ಇನ್ನೆರಡು ಗೇಣು ಬಂತು, ಮಡಿಚಿದ್ದು ವ್ಯರ್ಥವಾಯಿತು. ತಣ್ಣಗಿತ್ತು. ಮೂವತ್ತೊಂದು ವರ್ಷ ಅವರ ಮೇಜಿನ ಮೇಲೆ ನೀರು ಅಂಕಿಯಾಗಿ ಬರುತ್ತಿತ್ತು, ಇಷ್ಟು ಲೀಟರ್, ಇಷ್ಟು ಇಂಚು. ಅದು ತಣ್ಣಗಿರುತ್ತದೆ ಎಂದು ಯಾವ ಪಟ್ಟಿಯಲ್ಲೂ ಬರೆದಿರಲಿಲ್ಲ. ಕೆರೆಯ ಬದಿಯ ಪಂಪಿನ ಆ ಖಲಾಸಿ ಪ್ರತಿ ಮಾರ್ಚಿನಲ್ಲಿ ಬಂದು ಮೇಜಿನ ಎದುರು ನಿಲ್ಲುತ್ತಿದ್ದ. ಬೊಮ್ಮಯ್ಯನವರು ಕೂರಲು ಹೇಳುತ್ತಿರಲಿಲ್ಲ, ಕುರ್ಚಿ ಒದ್ದೆಯಾಗುತ್ತದೆ ಎಂದು. ‘ಸುರಂಗದ ನೀರನ್ನ ನಾನು ನಾಲಿಗೆಗೆ ಹಚ್ಚಿ ನೋಡ್ತೀನಿ ಬಾಬೂ,’ ಎನ್ನುತ್ತಿದ್ದ. ‘ಮಣ್ಣಿನ ರುಚಿ ಇದ್ದರೆ ಕೆರೆಯದ್ದು, ಔಷಧಿ ರುಚಿ ಇದ್ದರೆ ನಲ್ಲಿಯದ್ದು. ಈ ವರ್ಷ ಮಣ್ಣು ಜಾಸ್ತಿ ಆಗಿದೆ.’ ನಮೂನೆಯಲ್ಲಿ ರುಚಿ ಎಂಬ ಕಾಲಮು ಇರಲಿಲ್ಲ. ಅದನ್ನೇ ಬೊಮ್ಮಯ್ಯನವರು ಅವನಿಗೆ ಹೇಳಿದ್ದರು, ನಗುತ್ತ, ಪಕ್ಕದ ಗುಮಾಸ್ತರಿಗೂ ಕೇಳಿಸುವಂತೆ. ಅವರೂ ನಕ್ಕಿದ್ದರು. ಅವನೂ ಸ್ವಲ್ಪ ನಕ್ಕಿದ್ದ, ನಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು. ಬೊಮ್ಮಯ್ಯನವರು ಬಾಗಿ, ಬೆರಳನ್ನು ನೀರಿನಲ್ಲಿ ಅದ್ದಿ, ಇಪ್ಪತ್ತೊಂಬತ್ತು ಜನರ ಎದುರಿಗೆ ನಾಲಿಗೆಗೆ ಹಚ್ಚಿಕೊಂಡರು.

“ಅಯ್ಯಯ್ಯ,” ಅಂದ ರೂಪೇಶ. “ದೊಡ್ಡಪ್ಪಾ, ಎಮ್ಮೆ ಮಲ್ಗತದೆ ಅದ್ರಲ್ಲಿ.”

ಎಮ್ಮೆಯ ರುಚಿ ಮೊದಲು ಬಂತು. ಉಗುಳಿ, ಕಾಲಡಿಯ ಕೆಸರು ಎಬ್ಬಿಸದೆ ಒಳಗೆ ನಡೆದು, ಎಡಗೋಡೆಯಲ್ಲಿ, ನಿಂತ ನೀರಿಗಿಂತ ತುಸು ಮೇಲೆ, ಮೂರನೆಯ ಡಾಲ್ಫಿನ್ನಿನ ಬಾಲದ ಹತ್ತಿರ ಗಾರೆ ಬಿರಿದು ನೀರು ಸಣ್ಣಗೆ ಒಸರುತ್ತಿದ್ದಲ್ಲಿ ಮತ್ತೆ ಬೆರಳಿಟ್ಟರು. ಉಪ್ಪಿಲ್ಲ, ಮಣ್ಣಿಲ್ಲ. ಮನೆಯ ನಲ್ಲಿಯಲ್ಲಿ ಬೆಳಿಗ್ಗೆ ಮೊದಲ ಕೊಡಕ್ಕೆ ಬರುವ ಘಾಟು.

“ಬ್ಲೀಚಿಂಗ್ ಪೌಡರ್,” ಎಂದರು.

ಅವರ ಹಿಂದೆಯೇ ನೀರಿಗಿಳಿದಿದ್ದ ನಮಿತಾ, ಕಡತವನ್ನು ತಲೆಯ ಮೇಲೆ ಹಿಡಿದುಕೊಂಡು, ಸಣ್ಣ ದನಿಯಲ್ಲಿ, “ಗೊತ್ತು ಸರ್,” ಎಂದಳು. “ಕುಡಿಯುವ ನೀರಿನ ಪೈಪು ಈ ಗೋಡೆಯ ಹಿಂದೆಯೇ ಹೋಗಿದೆ. ಅದು ಒಡೆದಿದೆ. ಹನ್ನೆರಡು ಮೀಟರ್ ಪೈಪು ಬದಲಿಸಿದರೆ ಮುಗಿಯಿತು, ಮೂವತ್ತೊಂದು ಸಾವಿರ. ಈಗ ಈ ನೀರು ಎತ್ತುವ ಪಂಪಿನ ಡೀಸೆಲ್‌ಗೇ ವರ್ಷಕ್ಕೆ ನಲವತ್ತಮೂರು ಸಾವಿರ ಹೋಗುತ್ತಿದೆ. ಎರಡು ಸಲ ಬರೆದೆ. ಹೊಸದಾಗಿ ಬಂದ ಹುಡುಗಿ ಬರೆದದ್ದು ಅಂತ ಕಪಾಟಿನಲ್ಲಿದೆ. ಮೇಲಿನವರು ಅನುಭವಿ ತಜ್ಞರ ಅಭಿಪ್ರಾಯ ತನ್ನಿ ಅಂದಿದ್ದಾರೆ. ಅದಕ್ಕೇ ನಿಮ್ಮನ್ನ ಕರೆಸಿದ್ದು. ಈ ತಿಂಗಳೊಳಗೆ ಸಹಿ ಆಗದಿದ್ದರೆ ಪಂಚಾಯತಿಯ ಈ ವರ್ಷದ ಹಣ ಗೋಡೆಯ ಟೈಲ್ಸಿಗೆ ಹೋಗುತ್ತದೆ. ಅಧ್ಯಕ್ಷರು ಬಣ್ಣ ಆರಿಸಿಯೂ ಆಗಿದೆ.”

ದಡದಲ್ಲಿ ಜನ ಕಾಯುತ್ತಿದ್ದರು. ಸಬ್‌ವೇಯೊಳಗೆ ಅವರ ಮಾತು ಗುಂಯ್‌ಗುಟ್ಟಿ ಅರ್ಥವಾಗದಂತೆ ಬರುತ್ತಿತ್ತು. ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ ಎಂದು ಬೊಮ್ಮಯ್ಯನವರಿಗೆ ಅನ್ನಿಸಿತು. “ಮಗಳೇ, ನಾನು ಎಂಜಿನಿಯರ್ ಅಲ್ಲ,” ಎಂದರು. “ಗುಮಾಸ್ತ. ದುರಸ್ತಿಯನ್ನು ಮುಂದೂಡುವುದು ನನ್ನ ಕೆಲಸವಾಗಿತ್ತು. ಇಂಥ ಕಡೆ ನಾನು ಕಾಲಿಟ್ಟದ್ದು ಇದೇ ಮೊದಲು.”

ನಮಿತಾಳ ಮುಖದಲ್ಲಿ ಅವರು ನಿರೀಕ್ಷಿಸಿದ್ದ ತಿರಸ್ಕಾರ ಬರಲಿಲ್ಲ, ದಣಿವು ಬಂತು. ಆಶ್ಚರ್ಯವಾಗದವರ ದಣಿವು. “ಗುಮಾಸ್ತ ಅಂತ ಸಹಿ ಮಾಡಿದರೆ ಕಡತ ವಾಪಸು ಬರುತ್ತದೆ ಸರ್,” ಎಂದಳು. “ಮುಂದಿನ ವರ್ಷ ನೋಡೋಣ ಅಂತಾರೆ. ತಜ್ಞ ಅಂತ ಮಾಡಿದರೆ ನಾಡಿದ್ದು ಅಗೆಯುತ್ತಾರೆ. ಸುಳ್ಳು ಬರೆಯಿರಿ ಅಂತ ನಾನು ಹೇಳುವುದಿಲ್ಲ. ಹೇಗಾಗುತ್ತದೆ ಅಂತ ಹೇಳಿದೆ.” ಕಡತವನ್ನು ತಲೆಯ ಮೇಲಿಂದ ಇಳಿಸಿ, ತೆರೆದು, ಗೋಡೆಯ ಡಾಲ್ಫಿನ್ನಿಗೆ ಒರಗಿಸಿ ಹಿಡಿದಳು. ಪೆನ್ನು ಕೊಟ್ಟಳು.

ಅಭಿಪ್ರಾಯದ ಭಾಗ ಬರೆಯುವುದು ಸುಲಭವಾಯಿತು. ಕೈಗೆ ಹಳೆಯ ವಾಕ್ಯದ ಗುರುತಿತ್ತು. ‘ಸದ್ಯಕ್ಕೆ’ ಎಂಬ ಪದದ ಮೊದಲ ಅಕ್ಷರವನ್ನು ಅದು ತನ್ನಷ್ಟಕ್ಕೆ ಬರೆದೇಬಿಟ್ಟಿತು. ಬೊಮ್ಮಯ್ಯನವರು ಆ ‘ಸ’ವನ್ನು ವ್ಯರ್ಥ ಮಾಡದೆ ‘ಸಬ್‌ವೇಯ ಎಡಗೋಡೆಯ ಹಿಂದಿನ ಕುಡಿಯುವ ನೀರಿನ ಕೊಳವೆಯನ್ನು ಹದಿನೈದು ದಿನಗಳೊಳಗೆ ಬದಲಿಸತಕ್ಕದ್ದು, ತಡೆಯುವುದಕ್ಕೆ ಕಾರಣವಿಲ್ಲ’ ಎಂದು ಮುಂದುವರಿಸಿದರು. ಆಮೇಲೆ ಹೆಸರು. ಹೆಸರಿನ ಕೆಳಗೆ ಖಾಲಿ ಗೆರೆ, ಅದರ ಪಕ್ಕದಲ್ಲಿ ‘ಹುದ್ದೆ ಮತ್ತು ಅರ್ಹತೆ’. ಪೆನ್ನು ನಿಂತಿತು. ಎಷ್ಟು ಹೊತ್ತು ನಿಂತಿತೆಂದರೆ ನಮಿತಾ ಕಡತವನ್ನು ಇನ್ನೊಂದು ಕೈಗೆ ಬದಲಿಸಿದಳು. ತಮ್ಮ ಬದುಕಿನಲ್ಲಿ ಅವರು ಸುಳ್ಳನ್ನು ಬರೆದಿರಲಿಲ್ಲ. ಅದು ಅವರ ಏಕೈಕ ಆಸ್ತಿ, ಅದರ ಮೇಲೆ ಅವರು ಒಳಗೊಳಗೇ ಬಡ್ಡಿ ತಿನ್ನುತ್ತಿದ್ದರು. ಇಪ್ಪತ್ತೆರಡು ನಿಜಗಳನ್ನು ಕೂಡಿದಾಗ ಹಳಿಯ ಮೇಲೆ ನೀರು ಬಂದಿತ್ತು. ಇಲ್ಲಿ ಒಂದು ಸುಳ್ಳನ್ನು ಕಳೆದರೆ ನೀರು ಉಳಿಯುತ್ತದೆ, ಕೂಡಿದರೆ ಇಳಿಯುತ್ತದೆ. ಮೂರನೆಯ ಇಯತ್ತೆಯ ಲೆಕ್ಕ. ಆದರೂ ಅವರು ಅದನ್ನು ಎರಡು ಸಲ ಮಾಡಿ ನೋಡಿದರು, ಉತ್ತರ ಬೇರೆ ಬಂದೀತೇನೋ ಎಂಬ ಆಸೆಯಿಂದ. ಮೇಲೆ ಇನ್ನೊಂದು ಲಾರಿ ಹೋಯಿತು. ಸಬ್‌ವೇ ಇಡೀ ಕಂಪಿಸಿ, ನೀರಿನ ಮೇಲೆ ಒಂದು ಸಣ್ಣ ಗೆರೆ ಎದ್ದು ಅವರ ತೊಡೆಗೆ ಬಡಿಯಿತು. ‘ಸಬ್‌ವೇ ತಜ್ಞ’ ಎಂದು ಬರೆದರು. ಅಕ್ಷರ ದುಂಡಗೆ, ಸ್ಪಷ್ಟವಾಗಿ ಬಂದಿತ್ತು. ಅನುಮಾನದ ವಾಸನೆ ಇರಲಿಲ್ಲ.

ದಡಕ್ಕೆ ಬಂದಾಗ ಭಾಸ್ಕರ ಕಡತ ಇಸಿದುಕೊಂಡು ಓದಿದ. ಟೈಲ್ಸ್ ಎಂಬ ಪದ ಎಲ್ಲೂ ಕಾಣದೆ ಇನ್ನೊಮ್ಮೆ ಓದಿದ. “ಪೈಪು?” ಎಂದ. “ಟೈಲ್ಸು ಬೇಡ್ವಾ?”

“ತಜ್ಞರು ಬೇಡ ಅಂದಿದ್ದಾರೆ,” ಎಂದಳು ನಮಿತಾ.

ಭಾಸ್ಕರ ಬೊಮ್ಮಯ್ಯನವರ ಕಡೆ ನೋಡಿದ. ಒದ್ದೆ ಪ್ಯಾಂಟು, ಶಾಲು, ಶಾಲಿನ ಅಂಚಿಗೆ ಹತ್ತಿದ ಕೆಸರು. ಎಮ್ಮೆ ಮಲಗಿದ ನೀರನ್ನು ನೆಕ್ಕಿ ನೋಡಿದ ಮನುಷ್ಯನೊಡನೆ ವಾದಿಸುವ ಧೈರ್ಯ ಅವನಿಗೆ ಬರಲಿಲ್ಲ. “ಆಯ್ತು,” ಎಂದ. “ಪೈಪಿನ ಮೇಲೆ ಒಂದು ಬೋರ್ಡಾದ್ರೂ ಹಾಕ್ವಾ.”

ಎರಡು ಗಂಟೆಯ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಬೊಮ್ಮಯ್ಯನವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಕಾಲು ಒಣಗಲೆಂದು ಮೋರಿಯ ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಹಗುರವಾಗಿರಲಿಲ್ಲ. ಮಾಡಬೇಕಾದ್ದನ್ನು ಮಾಡಿದ ಮೇಲೆ ಹಗುರವಾಗುತ್ತದೆ ಎಂದು ಹೇಳುವವರು ಅದನ್ನು ಮಾಡಿ ನೋಡಿದವರಲ್ಲ ಎಂದು ಅವರಿಗೆ ಅನ್ನಿಸಿತು. ಎದುರಿಗೆ ವಿಜೇತಾ ಬಂದು ನಿಂತಳು. ಬುಟ್ಟಿ ತಲೆಯ ಮೇಲೆ, ಕೈ ಸೊಂಟದ ಮೇಲೆ.

“ತಜ್ಞರೇ, ನಮ್ಮ ಬಾವಿ ನೀರು ಎಂಟು ದಿನ ಆಯ್ತು ಎಂತದೋ ನಾತ ಬತ್ತದೆ. ಇಲ್ಲೇ ಹತ್ರ. ಬಂದು ಒಂಚೂರು ನೆಕ್ಕಿ ಹೇಳಿ.”

“ನನಗೆ ಬಾವಿಯ ವಿಷಯ ತಿಳಿಯುವುದಿಲ್ಲಮ್ಮಾ.”

“ಸಬ್‌ವೇ ವಿಷ್ಯವೂ ತಿಳೀದಿಲ್ಲ ಅಂದೇ ಅಂದ್ರಿ ಸಭೇಲಿ. ದೊಡ್ಡವ್ರೆಲ್ಲಾ ಹಂಗೇ ಹೇಳೂದು.”

ಅವಳ ಹಿಂದೆ ಒಬ್ಬ ಮುದುಕ, ತಾರಸಿ ಸೋರುತ್ತದೆ ಎಂದು ಹೇಳಲು ಕಾದು ನಿಂತಿದ್ದ. ಅವನ ಹಿಂದೆ ಇನ್ನಿಬ್ಬರು. ಒಬ್ಬನ ಕೈಯಲ್ಲಿ ಬಾಟಲಿ, ಅದರಲ್ಲಿ ಕಂದುಬಣ್ಣದ ನೀರು. ತಾವು ತಜ್ಞರಲ್ಲ ಎಂದು ಹೇಳಿದರೆ ಈಗಲೇ ಈ ನಾಲ್ವರಿಗೆ, ಸಂಜೆಯೊಳಗೆ ಅಮದಳ್ಳಿಗೆ, ನಾಳೆಯೊಳಗೆ ಕಾರವಾರದ ಕಚೇರಿಗೆ ತಿಳಿಯುತ್ತದೆ, ಅಗೆಯುವ ಮೊದಲೇ. ಇನ್ನು ಈ ಪದವನ್ನು ಹೊರಬೇಕು. ನಾಡಿದ್ದಿನವರೆಗಂತೂ ಹೊರಬೇಕು, ಮತ್ತು ಹೊರುವುದಾದರೆ ಕೆಲಸ ಮಾಡಿಯೇ ಹೊರಬೇಕು. ಸಂಬಳವಿಲ್ಲದ ಹುದ್ದೆಗೆ ಬೊಮ್ಮಯ್ಯನವರು ತಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಹಾಜರಾದರು.

“ಎಷ್ಟು ದೂರ?” ಎಂದು ಕೇಳಿದರು.

“ಇಲ್ಲೇ, ಆಚೆ ಬದಿಗೆ,” ಅಂದಳು ವಿಜೇತಾ, ಹೆದ್ದಾರಿಯನ್ನು ತೋರಿಸಿ. “ಮೇಲಿಂದ ಬತ್ರೋ, ನೀರಲ್ಲಿ ಬತ್ರೋ?”

ಬೊಮ್ಮಯ್ಯನವರು ಒಣಗುತ್ತ ಬಂದಿದ್ದ ಪ್ಯಾಂಟನ್ನು ನೋಡಿಕೊಂಡರು. ಮೇಲೆ ಲಾರಿಗಳ ಸಾಲನ್ನು ನೋಡಿದರು. ಚಪ್ಪಲಿಯನ್ನು ಎಡಗೈಗೆ ಬದಲಿಸಿ, ನೀರಿನ ಕಡೆಗೆ ಇಳಿದರು.